ಹದಿನಾಲ್ಕು ಗಡ್ಡೆಗಳ ಕೇಸು

1938ರ ಮಾರ್ಚ್ ತಿಂಗಳ ಎರಡನೆಯ ಮಂಗಳವಾರ ಬೆಳಿಗ್ಗೆ ಎಂಟೂವರೆಯಿಂದ ಹತ್ತು ಗಂಟೆ ಹತ್ತು ನಿಮಿಷದವರೆಗೆ, ಹುಬ್ಬಳ್ಳಿಯ ಒಂದು ಹೆಂಗಸರ ದವಾಖಾನೆಯಲ್ಲಿ, ಬೈರಿದೇವರಕೊಪ್ಪದ ಹೆಣ್ಣುಮಗಳೊಬ್ಬಳ ಗರ್ಭಕೋಶದಿಂದ ಹದಿನಾಲ್ಕು ಗಡ್ಡೆಗಳನ್ನು ತೆಗೆಯಲಾಯಿತು. ಗರ್ಭಕೋಶವನ್ನು ತೆಗೆಯಲಿಲ್ಲ. ಆ ಆಪರೇಶನ್ನಿನಲ್ಲಿ ಡಾಕ್ಟರರ ಕೈಗೆ ಸಾಮಾನು ಕೊಡುವ ನರ್ಸ್ ನಾನು. ಕೇಸ್ ಪುಸ್ತಕ ಬರೆಯುವ ಕೆಲಸವೂ ನನ್ನದೇ ಆಗಿತ್ತು. ಇಲ್ಲಿ ಬರುವ ವೇಳೆ ಮತ್ತು ಅಳತೆಗಳು ಆ ಪುಸ್ತಕದಿಂದ ನಕಲು ಮಾಡಿಟ್ಟುಕೊಂಡವು. ಮಾತುಗಳು ನೆನಪಿನವು. ಯಾರ ಹೆಸರನ್ನೂ ಬರೆದಿಲ್ಲ.

ಅವರು ಮೊದಲ ಸಲ ಬಂದದ್ದು ಹಿಂದಿನ ಡಿಸೆಂಬರಿನ ನಡುವೆ. ಅತ್ತೆ, ಸೊಸೆ ಒಳಗೆ ಬಂದರು. ಗಂಡ ಹೊರಗೆ ಗೇಟಿನ ಹತ್ತಿರ ಚಕ್ಕಡಿಯಲ್ಲೇ ಕುಳಿತಿದ್ದ. ಸುಗ್ಗಿಯಲ್ಲಿ ಹತ್ತಿ ಹೇರಿಕೊಂಡು ಹುಬ್ಬಳ್ಳಿಯ, ಬೀಜ ಬಿಡಿಸುವ ಜಿನ್ನಿಗೆ ಚಕ್ಕಡಿ ಹೊಡೆಯುವುದು ಅವನ ಕೆಲಸ. ಸೊಸೆಯ ವಯಸ್ಸು ಅವಳು ಹೇಳಿದಂತೆ ಇಪ್ಪತ್ತಾರು, ಅತ್ತೆ ಹೇಳಿದಂತೆ ಇಪ್ಪತ್ತೆಂಟು. ಮದುವೆಯಾಗಿ ಹತ್ತು ವರ್ಷ ಎಂಬಲ್ಲಿ ಇಬ್ಬರ ಲೆಕ್ಕವೂ ಒಂದೇ ಇತ್ತು. ಮಕ್ಕಳಿರಲಿಲ್ಲ. ಹೊಟ್ಟೆ ಏಳು ತಿಂಗಳ ಬಸುರಿಯಷ್ಟಿತ್ತು. ಎರಡೂ ಕೈಯಲ್ಲಿ ಮೊಳಕೈವರೆಗೆ ಹೊಸ ಹಸಿರು ಬಳೆ. ಎಂದರೆ ಬಸುರಿಗೆ ಮಾಡುವ ಕುಬುಸದ ಶಾಸ್ತ್ರ ಮುಗಿದಿತ್ತು. ತವರಿನಿಂದ ಹಸಿರು ಸೀರೆ, ಕುಬುಸ ತಂದು, ಉಡಿ ತುಂಬಿ, ಓಣಿಗೆಲ್ಲ ಊಟ ಹಾಕಿಯಾಗಿತ್ತು.

ನಮ್ಮಲ್ಲಿ ರೋಗಿಯ ಹಕೀಕತ್ತು ಕೇಳುವ ಒಂದು ರೀತಿ ಇತ್ತು. ಹಳ್ಳಿಯ ಹೆಣ್ಣುಮಕ್ಕಳು ತಾರೀಖು ಲೆಕ್ಕ ಇಡುತ್ತಿರಲಿಲ್ಲ. ಆದರೆ ಆಚಾರವಿದ್ದ ಮನೆಗಳಲ್ಲಿ ಮುಟ್ಟಾದವಳು ಮೂರು ದಿನ ಪಡಸಾಲೆಯ ಹೊರಗೆ ಕೂಡಬೇಕು. ಒಲೆ, ನೀರು, ದೇವರ ಗೂಡು ಮುಟ್ಟುವಂತಿಲ್ಲ. ಹೀಗಾಗಿ ಯಾವ ಸೊಸೆ ಯಾವ ಹಬ್ಬದ ಹಿಂದೆಮುಂದೆ ಹೊರಗೆ ಕೂತಿದ್ದಳೆಂಬುದು ಮನೆಯ ಹಿರಿಯ ಹೆಂಗಸಿಗೆ ಪಕ್ಕಾ ಗೊತ್ತಿರುತ್ತಿತ್ತು. ನಾವು ಅವಳನ್ನೇ ಕೇಳುತ್ತಿದ್ದೆವು. ಅದರಿಂದ ಲೆಕ್ಕ ತಪ್ಪಿದ್ದು ಅಪರೂಪ.

"ಆಕಿ ಕಡೀಕ ಹೊರಗ ಕುಂತದ್ದು ಯಾವಾಗ್ರಿ?" ಎಂದು ಡಾಕ್ಟರ್‌ಬಾಯಿ ಕೇಳಿದರು. ಅವರು ಧಾರವಾಡದವರು, ಮುಂಬೈಯಲ್ಲಿ ಕಲಿತವರು. ಆಗ ಅವರಿಗೆ ನಲವತ್ತು ದಾಟಿತ್ತು.

"ಪಂಚಮಿ ಆದಮ್ಯಾಲೆ ಕುಂತss ಇಲ್ಲ ನೋಡ್ರಿ ಬಾಯಾರ," ಎಂದಳು ಅತ್ತೆ.

"ಆಕಿ ಹೇಳ್ಲಿ."

"ನಾ ಹೇಳಾಕತ್ತೇನಲ್ರಿ. ಆಕಿಗೆ ಬಾಯಿ ಎಲ್ಲೈತಿ. ಕೇಳಿದ್ರ ನೆಲಾ ನೋಡ್ತಾಳ."

ಸೊಸೆ ನೆಲ ನೋಡುತ್ತಿದ್ದಳು. ನಾನು ಪುಸ್ತಕದಲ್ಲಿ ಒಂದು ಸಾಲು ಬರೆದೆ: "ನಾಗರಪಂಚಮಿಯಿಂದ ಮುಟ್ಟಾಗಿಲ್ಲ." ಯಾರು ಹೇಳಿದ್ದೆಂದು ಬರೆಯಲಿಲ್ಲ. ಅಂಥ ಪದ್ಧತಿಯೂ ಇರಲಿಲ್ಲ.

ಡಾಕ್ಟರ್‌ಬಾಯಿ ಪರೀಕ್ಷೆ ಮಾಡಿದರು. ಗರ್ಭಕೋಶ ಹೊಕ್ಕುಳಿಗಿಂತ ಎರಡು ಬೆರಳು ಮೇಲಿತ್ತು. ಗಟ್ಟಿ, ಉಬ್ಬುತಗ್ಗು; ಗೆಣಸು ತುಂಬಿದ ಚೀಲವನ್ನು ಮುಟ್ಟಿದಂತೆ. ಕಟ್ಟಿಗೆಯ ತುತ್ತೂರಿ ಇಟ್ಟು ಹೊಟ್ಟೆಯ ನಾಲ್ಕೂ ಕಡೆ ಕೇಳಿದರು. ಕೂಸಿನ ಎದೆಬಡಿತ ಸಿಗಲಿಲ್ಲ. ನನಗೂ ಕೇಳಲು ಕೊಟ್ಟರು. ನನಗೆ ಸಿಕ್ಕದ್ದು ತಾಯಿಯ ನಾಡಿ ಮಾತ್ರ, ನಿಮಿಷಕ್ಕೆ ನೂರ ನಾಲ್ಕು.

ಗಡ್ಡೆಗಳಿದ್ದದ್ದು ಸ್ಪಷ್ಟ. ಆದರೆ ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ ಎಂಬ ಸಾಲು ಪುಸ್ತಕದಲ್ಲಿತ್ತು. ಗಡ್ಡೆಗಳ ನಡುವೆ ನಾಲ್ಕು ತಿಂಗಳ ಕೂಸು ಇದ್ದರೆ, ಅದರ ಎದೆಬಡಿತ ಇನ್ನೂ ಕೇಳದಿರಬಹುದು. ಈಗ ಹೊಟ್ಟೆ ತೆರೆದರೆ ಕೂಸು ಉಳಿಯುವುದಿಲ್ಲ. ನಾಲ್ಕು ವಾರ ಕಾದು ಮತ್ತೆ ಅಳೆಯೋಣ, ಮತ್ತೆ ಕೇಳೋಣ ಎಂದು ಡಾಕ್ಟರ್‌ಬಾಯಿ ನಿರ್ಧರಿಸಿದರು.

"ಹೊಟ್ಟ್ಯಾಗ ಗಡ್ಡಿ ಅವ. ಅದರ ಜೋಡಿ ಕೂಸೂ ಇರಬಹುದು, ಇಲ್ಲದೆಯೂ ಇರಬಹುದು," ಎಂದು ಅತ್ತೆಗೆ ತಿಳಿಸಿದರು.

"ಇರಬಹುದು ಅಲ್ರಿ, ಐತಿ. ಕುಬಸಾ ಮಾಡೇವಿ."

"ಕುಬಸಾ ಮಾಡಿದ್ರ ಕೂಸು ಬರೂದಿಲ್ರಿ ಅಮ್ಮಾ."

"ಇಡೀ ಓಣಿ ಉಂಡ ಹೋಗೇತ್ರಿ ಬಾಯಾರ. ಈಗ ಇಲ್ಲಂದ್ರ ಹ್ಯಾಂಗ?"

ಹೊರಗೆ ಹೋಗುವಾಗ ಅವಳು ಸೊಸೆಯನ್ನು ಮುಂದೆ ಬಿಟ್ಟು ನನ್ನ ಹತ್ತಿರ ನಿಂತಳು. "ನರ್ಸಬಾಯಿ, ಒಂದು ಮಾತು. ಇದೂ ಸುಳ್ಳಾತಂದ್ರ ಕೆಲಗೇರ್ಯಾಗ ನನ್ನ ತಮ್ಮನ ಮಗಳದಾಳ. ಹದಿನೈದು ತುಂಬ್ಯಾವ. ನನ್ನ ಮಗಗ ಕೊಡಾಕ ಅವರು ಹೂಂ ಅಂದಾರ. ನಾ ಆಕಿಗೆ ಹೇಳಿಲ್ಲ," ಎಂದು ಸೊಸೆಯ ಬೆನ್ನ ಕಡೆ ಗೋಣು ಹಾಕಿದಳು. ಸೊಸೆಗೆ ಆ ಸಂಗತಿ ಗೊತ್ತಿತ್ತೆಂದು ನನಗೆ ಮುಂದೆ ತಿಳಿಯಿತು.

ನಾಲ್ಕು ವಾರ ತುಂಬಲು ಇನ್ನೂ ಎರಡು ದಿನ ಇರುವಾಗ, ಸಂಕ್ರಾಂತಿಯ ಮರುದಿನ, ಗಂಡ ಅವಳನ್ನು ಚಕ್ಕಡಿಯಲ್ಲಿ ಹತ್ತಿಯ ಮೇಲೆ ಮಲಗಿಸಿಕೊಂಡು ಬಂದ. ನೀರಿನ ಕೊಡ ಹೊತ್ತು ಬರುವಾಗ ಬಿದ್ದಳಂತೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಕೆಂಪೇ ಇರಲಿಲ್ಲ. ಬೆರಳು ಚುಚ್ಚಿ ರಕ್ತದ ಹನಿಯನ್ನು ಹೀರುಕಾಗದದ ಮೇಲಿಟ್ಟು, ಅಚ್ಚು ಹಾಕಿದ ಬಣ್ಣದ ಪಟ್ಟಿಗೆ ಹೋಲಿಸಿದೆ. ಒಳ್ಳೆಯ ರಕ್ತಕ್ಕೆ ನೂರು; ಇವಳದು ನಲವತ್ತು. ವಾರ್ಡಿನಲ್ಲಿ ಸೇರಿಸಿಕೊಂಡೆವು.

ಎದೆಬಡಿತ ಈ ಸಲವೂ ಇರಲಿಲ್ಲ. ಐದು ತಿಂಗಳಾಗಿದ್ದರೆ ಕೇಳಬೇಕಿತ್ತು. ಕೂಸು ಹೊಟ್ಟೆಯಲ್ಲೇ ಸತ್ತಿರಬಹುದೆಂಬ ಸಂಶಯ ಹುಟ್ಟಿತು. ಇಷ್ಟೊಂದು ರಕ್ತ ಎಲ್ಲಿ ಹೋಯಿತೆಂಬುದಕ್ಕೆ ಉತ್ತರವಿರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಅತ್ತೆ ಊರಿಗೆ ಹೋಗಿದ್ದಳು. ನಾನು ಜ್ವರ ನೋಡುತ್ತಿದ್ದಾಗ ಸೊಸೆ ಮೊದಲ ಸಲ ತಾನಾಗಿ ಮಾತಾಡಿದಳು.

"ಅಕ್ಕಾರ, ಇಲ್ಲಿ ಹೊರಗ ಕುಂದ್ರೋರು ಎಲ್ಲಿ ಇರ್ತಾರ್ರಿ?"

"ಇಲ್ಲಿ ಯಾರೂ ಹೊರಗ ಕುಂದ್ರೂದಿಲ್ಲವಾ. ಎಲ್ಲಾರೂ ತಮ್ಮ ತಮ್ಮ ಮಂಚದ ಮ್ಯಾಲೇ ಇರ್ತಾರ."

"ಮುಟ್ಟಾದ್ರೂ?"

"ಮುಟ್ಟಾದ್ರೂ."

"ಊಟಾ?"

"ಅಲ್ಲೇ."

ಅವಳು ಹೊದಿಕೆ ಸರಿಸಿದಳು. ಕೆಳಗೆ ನಾಲ್ಕು ಮಡಿಕೆ ಹಾಕಿದ ಹಳೆಯ ಧೋತರ, ಅದರ ಕೆಳಗೆ ಗೋಣಿತಟ್ಟು. ಎರಡೂ ತೊಯ್ದಿದ್ದವು.

ಅವಳು ಹೇಳಿದ್ದು ಇಷ್ಟು. ಮುಟ್ಟು ಒಂದು ತಿಂಗಳೂ ನಿಂತಿರಲಿಲ್ಲ. ತಿಂಗಳಿಗೆ ಎಂಟು, ಹತ್ತು ದಿನ ಹೋಗುತ್ತಿತ್ತು. ಪಂಚಮಿಯ ಹೊತ್ತಿಗೆ ಹೊಟ್ಟೆ ಕಾಣತೊಡಗಿದಾಗ ಅತ್ತೆ ತಾನೇ ಬಸಿರೆಂದು ಸಾರಿದಳು. ಆ ತಿಂಗಳು ಮುಟ್ಟು ಒಂದು ವಾರ ತಡವಾಗಿತ್ತು, ಇವಳೂ ನಂಬಿದಳು. ವಾರದ ಮೇಲೆ ಮುಟ್ಟಾದಾಗ ಬಾಯಿ ಬಿಡಲು ಆಗಲಿಲ್ಲ. ಹೊರಗೆ ಕೂತರೆ ಎಲ್ಲರಿಗೂ ಗೊತ್ತಾಗುತ್ತದೆ. ಹಾಗಾಗಿ ಕೂಡಲೇ ಇಲ್ಲ. ಬಟ್ಟೆಯನ್ನು ನಸುಕಿನಲ್ಲಿ ಹೊಲದ ಬಾವಿಯಲ್ಲಿ ಒಗೆದು ಜೋಳದ ಕಣಿಕೆಯ ಬಣವಿಯ ಹಿಂದೆ ಒಣಗಿಸಿದಳು. ಕುಬುಸದ ದಿನವೂ ಮುಟ್ಟಾಗಿದ್ದಳು.

"ಆ ಕೈಲೇ ದೇವರಿಗೆ ದೀಪ ಹಚ್ಚೇನ್ರಿ. ಐದು ತಿಂಗಳು. ಅದಕ್ಕss ಹಿಂಗಾತೇನೋ."

"ಹಿಂಗಾದದ್ದು ಗಡ್ಡಿಯಿಂದ. ದೀಪದಿಂದ ಅಲ್ಲ," ಎಂದೆ.

"ನಮ್ಮತ್ತಿಗೆ ಹೇಳ್ತೀರೇನು?"

"ಡಾಕ್ಟರ್‌ಬಾಯಿಗೆ ಹೇಳಲೇಬೇಕು. ನಿಮ್ಮತ್ತಿಗೆ ಹೇಳೂದು ನಿನಗ ಬಿಟ್ಟದ್ದು."

ಡಾಕ್ಟರ್‌ಬಾಯಿ ಕೇಸ್ ಪುಸ್ತಕ ತರಿಸಿ ಡಿಸೆಂಬರಿನ ಹಾಳೆ ತೆಗೆದರು.

"ಪಂಚಮಿಯಿಂದ ಮುಟ್ಟಾಗಿಲ್ಲ. ಇದನ್ನ ಯಾರು ಹೇಳಿದ್ರು ಸಿಸ್ಟರ್?"

"ಅತ್ತಿ ಹೇಳಿದ್ರು."

"ಹಂಗಂತ ಎಲ್ಲೆ ಬರದೀರಿ? ನಾ ಇದನ್ನ ಓದಿದಾಗ ರೋಗಿ ಹೇಳಿದ್ದು ಅಂತನss ಓದಿದೆ. ನಾನೂ ಅಲ್ಲೇ ಕುಂತಿದ್ದೆ, ಕಿವಿಯಿಂದ ಕೇಳಿದ್ದೆ. ಆದರೂ ಬರದದ್ದನ್ನ ನಂಬಿದೆ." ಪುಸ್ತಕ ಮುಚ್ಚಿದರು. "ಒಂದು ತಿಂಗಳು ಹೋತು. ಆಕಿ ರಕ್ತದಾಗ ಹೋತು."

ಬೈಗುಳ ಇಷ್ಟೇ. ಅಂದು ಸಂಜೆ ನಾನು ಪುಸ್ತಕದ ಉಳಿದ ಹಾಳೆಗಳಲ್ಲೆಲ್ಲ ಬಲಗಡೆ ಒಂದು ಗೆರೆ ಎಳೆದು, ಮೇಲೆ "ಹೇಳಿದವರು" ಎಂದು ಬರೆದೆ. ಕೂಸು ಇಲ್ಲ, ಇರಲೂ ಇಲ್ಲ ಎಂಬುದು ಈಗ ನಿಶ್ಚಯವಾಗಿತ್ತು. ಅತ್ತೆಗೆ ಅದನ್ನು ಡಾಕ್ಟರ್‌ಬಾಯಿಯೇ ಮರುದಿನ ಹೇಳಿದರು. ಮುಟ್ಟಿನ ವಿಷಯ ಸೊಸೆಯೇ ಹೇಳಿದಳು. ನಾನು ಅಲ್ಲಿರಲಿಲ್ಲ. ಮುಂದೆ ಎರಡು ದಿನ ಅತ್ತೆ ಬರಲಿಲ್ಲ, ಬುತ್ತಿಯನ್ನು ಗಂಡ ತಂದ. ಮೂರನೆಯ ದಿನ ಮೆಂತ್ಯೆ ಪಲ್ಯ, ಜೋಳದ ಗಂಜಿ ಹಿಡಿದು ಅವಳೇ ಬಂದಳು.

ಎರಡು ದಾರಿ ಇದ್ದವು. ಗರ್ಭಕೋಶವನ್ನೇ ತೆಗೆದುಬಿಡುವುದು ಒಂದು. ಅದು ಗೊತ್ತಿದ್ದ ಕೆಲಸ. ರಕ್ತಸ್ರಾವ ಶಾಶ್ವತವಾಗಿ ನಿಲ್ಲುತ್ತದೆ. ಗಡ್ಡೆಗಳನ್ನು ಒಂದೊಂದಾಗಿ ಬಿಡಿಸಿ ತೆಗೆದು ಗರ್ಭಕೋಶವನ್ನು ಹೊಲಿದು ಉಳಿಸುವುದು ಇನ್ನೊಂದು. ಅದರಲ್ಲಿ ರಕ್ತ ಹೆಚ್ಚು ಹೋಗುತ್ತದೆ, ಹೊತ್ತು ಹೆಚ್ಚು ಹಿಡಿಯುತ್ತದೆ, ಹೊಲಿಗೆಯೊಳಗೆ ಕೀವು ತುಂಬುವ ಭಯವಿದೆ. ಮುಂಬೈಯಲ್ಲಿ ಡಾಕ್ಟರ್‌ಬಾಯಿ ಅದನ್ನು ಹತ್ತಿರ ನಿಂತು ನೋಡಿದ್ದರು. ಸ್ವತಃ ಮಾಡಿದ್ದು ಎರಡೇ ಸಲ, ಎರಡರಲ್ಲೂ ಒಂದೊಂದೇ ಗಡ್ಡೆ. ಇಲ್ಲಿ ಕೈಗೆ ಸಿಕ್ಕವೇ ಆರೇಳು.

ಗಂಡನನ್ನು ಒಳಗೆ ಕರೆದು ಹೇಳಿದಾಗ ಅವನು, "ಜೀವಾ ಉಳಸ್ರಿ, ಉಳದದ್ದು ನನಗ ತಿಳ್ಯಾಂಗಿಲ್ಲ," ಎಂದು ತಾಯಿಯ ಕಡೆ ನೋಡಿದ.

ತಾಯಿ ಮುಚ್ಚುಮರೆ ಮಾಡಲಿಲ್ಲ. "ಕೂಸಿನ ಚೀಲಾ ತಗದ್ರೂ ಆಕಿ ನಮ್ಮ ಮನ್ಯಾಗ ಇರಾಕ ಅಡ್ಡಿ ಇಲ್ರಿ. ಉಣ್ಣಲಿ, ಉಡಲಿ, ನಾ ಹೊರಗ ಹಾಕಾಂಗಿಲ್ಲ. ಆದ್ರ ಕೆಲಗೇರಿ ಹುಡಿಗೀನ ತರತೇವಿ. ಅದನ್ನ ಈಗss ಹೇಳಿಬಿಡ್ತೇನಿ."

"ಚೀಲಾ ಉಳದ್ರ?" ಎಂದು ಡಾಕ್ಟರ್‌ಬಾಯಿ ಕೇಳಿದರು.

"ಉಳದ್ರ ಎರಡು ವರ್ಷ ನೋಡತೇವ್ರಿ. ಎರಡss ವರ್ಷ. ಹುಡಿಗಿ ಮನೀಯವರೂ ಅದರ ಮ್ಯಾಲೆ ಕಾಯಾಂಗಿಲ್ಲ."

ಒಪ್ಪಿಗೆ ಕಾಗದಕ್ಕೆ ಗಂಡನ ಹೆಬ್ಬೆಟ್ಟು ಸಾಕಿತ್ತು. ಡಾಕ್ಟರ್‌ಬಾಯಿ ನನ್ನನ್ನು ಕರೆದು, "ಆಕಿನ್ನ ಕೇಳ್ರಿ. ಒಬ್ಬಾಕಿನ್ನ ಕೇಳ್ರಿ. ಏನಂತಾಳ ಅದನ್ನ ಆಕಿ ಮಾತಿನ್ಯಾಗ ಬರೀರಿ," ಎಂದರು.

ಎರಡೂ ದಾರಿಗಳನ್ನು ನಾನು ಅವಳಿಗೆ ಬಿಡಿಸಿ ಹೇಳಿದೆ. ಅವಳು ಕೇಳಿದ ಪ್ರಶ್ನೆಗಳು ಮೂರು.

"ಗಡ್ಡಿ ತಗದ ಚೀಲಾ ಇಟ್ರ, ಕೂಸಾಗೂದು ಖಾತ್ರಿ ಏನ್ರಿ?"

"ಖಾತ್ರಿ ಇಲ್ಲ. ಆಗಬಹುದು."

"ಚೀಲಾ ತಗದ್ರ?"

"ಆಗೂದಿಲ್ಲ. ಇದು ಖಾತ್ರಿ."

"ಇಡಾಕ ಹೋದ್ರ ನಾ ಸಾಯೂದೂ ಐತೇನು?"

"ಐತಿ. ತಗದ್ರೂ ಐತಿ. ಇಡಾಕ ಹೋದ್ರ ಹೆಚ್ಚ ಐತಿ."

ಬಳೆಗಳನ್ನು ತಿರುಗಿಸುತ್ತ ಬಹಳ ಹೊತ್ತು ಕುಳಿತಳು. ಕೈ ಸೊರಗಿ ಬಳೆ ಸಡಿಲಾಗಿದ್ದವು. ಆಮೇಲೆ ಹೇಳಿದ್ದನ್ನು ನಾನು ಇದ್ದಂತೆ ಬರೆದುಕೊಂಡೆ: "ಜೀವಕ್ಕ ಬಂತಂದ್ರ ತಗೀರಿ. ಬರೇ ಕೆಲಸ ಕಠಿಣ ಆತಂತ ತಗೀಬ್ಯಾಡ್ರಿ." ಬಲಗಡೆಯ ಗೆರೆಯಾಚೆ ಬರೆದೆ: "ರೋಗಿ ಸ್ವತಃ." ಅವಳ ಹೆಬ್ಬೆಟ್ಟನ್ನೂ ಅದರ ಕೆಳಗೆ ಒತ್ತಿಸಿದೆ. ಹಾಗೆ ಒತ್ತಿಸಲು ನನಗೆ ಯಾರೂ ಹೇಳಿರಲಿಲ್ಲ.

ನಲವತ್ತರ ರಕ್ತದ ಮೇಲೆ ಚೂರಿ ಇಡುವ ಹಾಗಿರಲಿಲ್ಲ. ನಮ್ಮಲ್ಲಿ ಒಬ್ಬರ ರಕ್ತ ಇನ್ನೊಬ್ಬರಿಗೆ ಕೊಡುವ ಏರ್ಪಾಟು ಆಗ ಇರಲಿಲ್ಲ. ಏಳು ವಾರ ಕಬ್ಬಿಣದ ಔಷಧ ಕುಡಿಸಿದೆವು, ವಾರಕ್ಕೆರಡು ಸಲ ಲಿವರಿನ ಇಂಜಕ್ಷನ್ ಕೊಟ್ಟೆವು, ಮಂಚ ಬಿಟ್ಟು ಇಳಿಯಗೊಡಲಿಲ್ಲ. ಫೆಬ್ರವರಿಯಲ್ಲಿ ಮುಟ್ಟಾದಾಗ ಗಳಿಸಿದ್ದರಲ್ಲಿ ಅರ್ಧ ಕಳೆಯಿತು. ಮತ್ತೆ ಕಟ್ಟಿಕೊಂಡು ಬಂದು, ಮಾರ್ಚ್ ಮೊದಲ ವಾರಕ್ಕೆ ಕಾಗದದ ಬಣ್ಣ ಅರವತ್ತೈದಕ್ಕೆ ಮುಟ್ಟಿತು. ಮುಂದಿನ ಮುಟ್ಟಿನ ಮೊದಲು ಮುಗಿಸಬೇಕಿತ್ತು. ಮಂಗಳವಾರ ಗೊತ್ತಾಯಿತು.

ಗರ್ಭಕೋಶದ ಬುಡಕ್ಕೆ ಎರಡೂ ಬದಿಯಿಂದ ರಕ್ತನಾಳಗಳು ಬರುತ್ತವೆ. ಕೆಲಸ ನಡೆಯುವಷ್ಟು ಹೊತ್ತು ಅವನ್ನು ಒತ್ತಿ ಹಿಡಿಯುವ ಇಕ್ಕಳವೊಂದು ವಿಲಾಯತಿಯಲ್ಲಿ ಬಂದಿತ್ತು. ಮುಂಬೈಯ ಅಂಗಡಿಗೆ ಬರೆದಿದ್ದೆವು, ಬಂದಿರಲಿಲ್ಲ. ಬದಲಿಗೆ ಬುಡದ ಸುತ್ತ ರಬ್ಬರ್ ನಳಿಕೆ ಬಿಗಿದು ಕಟ್ಟುವುದೆಂದಾಯಿತು. ಇದ್ದದ್ದರಲ್ಲಿ ಹೊಸದನ್ನು ಆರಿಸಿ, ಎಳೆದು ನೋಡಿ, ಕುದಿಸಿಟ್ಟೆ.

ಪ್ರಜ್ಞೆ ತಪ್ಪಿಸಲು ಈಥರ್ ಕೊಡುವ ಡಾಕ್ಟರರು ಧಾರವಾಡದಿಂದ ಬೆಳಗಿನ ಗಾಡಿಗೆ ಬಂದರು. ವಯಸ್ಸಾದವರು, ಮಾತಿನವರು. ಮೇಜಿನ ಮೇಲೆ ಮಲಗಿದವಳಿಗೆ, "ಎಷ್ಟು ಎಮ್ಮಿ ಅದಾವವಾ ನಿಮ್ಮನ್ಯಾಗ?" ಎಂದು ಕೇಳಿದರು.

"ಎರಡ್ರಿ."

"ಹಾಲು?"

"ಒಂದು ಹಿಂಡ್ತೈತಿ, ಒಂದು ಒದೀತೈತಿ."

"ಒದಿಯೋದರ ಹೆಸರು ಹೇಳು," ಎನ್ನುತ್ತ ಮುಖವಾಡವಿಟ್ಟು ಹನಿ ಹಾಕತೊಡಗಿದರು. ಹೆಸರು ಹೇಳುವಷ್ಟರಲ್ಲಿ ಅವಳ ನಾಲಗೆ ಭಾರವಾಯಿತು.

ಎಂಟೂವರೆಗೆ ಹೊಟ್ಟೆ ತೆರೆದರು. ಉತ್ತರದ ಕಿಟಕಿಯ ಬೆಳಕು ಚೆನ್ನಾಗಿತ್ತು. ಗರ್ಭಕೋಶವನ್ನು ಹೊರಗೆ ಎತ್ತಿ ತಂದಾಗ ಅದರ ಆಕಾರ ಯಾವುದಕ್ಕೂ ಹೋಲುವಂತಿರಲಿಲ್ಲ. ಬುಡಕ್ಕೆ ನಳಿಕೆ ಬಿಗಿದರು. ಮುಂದಿನ ಗೋಡೆಯಲ್ಲಿ ನಡುವೆ ಒಂದೇ ಉದ್ದ ಗೀರು. ಗಡ್ಡೆಯ ಬಿಳಿ ಮೈ ಕಂಡಕೂಡಲೇ ಅದರೊಳಗೆ ತಿರುಪು ಚುಚ್ಚಿ ಎತ್ತಿ ಹಿಡಿಯಬೇಕು. ಬಾಟಲಿಯ ಬೂಚು ತೆಗೆಯುವಂಥದೇ ತಿರುಪು. ಆಮೇಲೆ ಬೆರಳಿನಿಂದ ಸುತ್ತ ಬಿಡಿಸಬೇಕು. ಮೊದಲನೆಯದು ದೊಡ್ಡದು, ತೆಂಗಿನಕಾಯಿಯಷ್ಟು, ಸಲೀಸಾಗಿ ಬಂತು. ಅದೇ ಗೀರಿನಿಂದ ಒಳಕ್ಕೆ ಬೆರಳು ಹಾಕಿ ಎರಡನೆಯದು, ಮೂರನೆಯದು. ನಾನು ಪ್ರತಿಯೊಂದನ್ನೂ ಬೇಸಿನ್ನಿಗೆ ಹಾಕಿ ಗಟ್ಟಿಯಾಗಿ ಎಣಿಸುತ್ತಿದ್ದೆ. ಇಪ್ಪತ್ತು ನಿಮಿಷಕ್ಕೊಮ್ಮೆ ನಳಿಕೆ ಸಡಿಲಿಸಿ ಮತ್ತೆ ಬಿಗಿಯುವುದು. ಒಂಬತ್ತೂ ಕಾಲಿಗೆ ಎಂಟು ಗಡ್ಡೆಗಳಾಗಿದ್ದವು, ಒಂಬತ್ತನೆಯದನ್ನು ಬಿಡಿಸುವಾಗ ಗರ್ಭಕೋಶದ ಒಳಪೊರೆ ತೆರೆದುಕೊಂಡಿತು.

ಎರಡನೆಯ ಸಲ ಬಿಗಿಯುವಾಗ ನಳಿಕೆ ಹರಿಯಿತು. ಗೀರು ಒಮ್ಮೆಲೇ ತುಂಬಿ ಬಂತು. ಡಾಕ್ಟರ್‌ಬಾಯಿ ಕೈಯಿಂದಲೇ ಬುಡವನ್ನು ಒತ್ತಿ ಹಿಡಿದರು. ಇನ್ನೊಂದು ನಳಿಕೆ ತಂದು ಎಳೆದೆ. ಅದು ಹಳೆಯದು, ಕೈಯಲ್ಲೇ ಬಿರಿಯಿತು.

"ನಾಡಿ?" ಎಂದರು ಡಾಕ್ಟರ್‌ಬಾಯಿ.

"ನೂರಾ ಇಪ್ಪತ್ತೆಂಟು," ಎಂದರು ಈಥರಿನವರು. "ಬಾಯಾರ, ಚೀಲಾ ತಗದಬಿಡ್ರಿ. ನಿಮ್ಮ ಕೈಗೆ ಹತ್ತು ಮಿನಿಟಿನ ಕೆಲಸ. ಇನ್ನೂ ಎಷ್ಟು ಗಡ್ಡಿ ಅವ ಯಾರಿಗೆ ಗೊತ್ತು."

"ನಾಡಿ ತುಂಬೇದೋ, ಇಳದದೋ?"

"ಇನ್ನೂ ತುಂಬೇದ."

ಡಾಕ್ಟರ್‌ಬಾಯಿ ನನ್ನ ಕಡೆ ತಿರುಗಿದರು. "ಪುಸ್ತಕದಾಗ ಏನು ಬರದೀರಿ ಸಿಸ್ಟರ್? ಆಕಿ ಮಾತು."

"ಜೀವಕ್ಕ ಬಂತಂದ್ರ ತಗೀರಿ. ಬರೇ ಕೆಲಸ ಕಠಿಣ ಆತಂತ ತಗೀಬ್ಯಾಡ್ರಿ."

"ಡಾಕ್ಟರ, ಇದು ಯಾವುದು? ಜೀವಕ್ಕ ಬಂದದ್ದೋ, ಕಠಿಣ ಆದದ್ದೋ?"

ಅವರು ನಾಡಿಯ ಮೇಲಿನ ಬೆರಳು ತೆಗೆಯದೆ ಗಡಿಯಾರ ನೋಡಿದರು. "ಈ ಹೊತ್ತಿಗೆ ಕಠಿಣ ಆದದ್ದು. ನೂರಾ ನಲವತ್ತಾತಂದ್ರ ಜೀವಕ್ಕ ಬಂದದ್ದು. ಆವಾಗ ನಾ ಹೇಳ್ತೀನಿ, ನೀವು ಕೇಳಬೇಕು."

"ಕೇಳ್ತೀನಿ. ಸಿಸ್ಟರ್, ನಿಮ್ಮ ಎಡಗೈ ಇಲ್ಲೆ ಕೊಡ್ರಿ."

ಗರ್ಭಕೋಶದ ಬುಡವನ್ನು ಹೆಬ್ಬೆರಳು ಒಂದು ಕಡೆ, ನಾಲ್ಕು ಬೆರಳು ಇನ್ನೊಂದು ಕಡೆ ಮಾಡಿ ಹೇಗೆ ಒತ್ತಬೇಕೆಂದು ತಮ್ಮ ಕೈಯ ಮೇಲೆಯೇ ನನ್ನ ಕೈ ಇರಿಸಿ ತೋರಿಸಿ, ತಮ್ಮದನ್ನು ಹಿಂದಕ್ಕೆ ಎಳೆದುಕೊಂಡರು. ನನ್ನ ಬೆರಳಿನ ಕೆಳಗೆ ನಾಳದ ಬಡಿತ ಹತ್ತಿತು. ಇನ್ನಷ್ಟು ಒತ್ತಿದಾಗ ನಿಂತಿತು. ಗೀರಿನಿಂದ ರಕ್ತ ಇಳಿಮುಖವಾಯಿತು. ಅಲ್ಲಿಂದ ಮುಂದೆ ಡಾಕ್ಟರ್‌ಬಾಯಿ ಸಾಮಾನುಗಳನ್ನು ತಾವೇ ತಟ್ಟೆಯಿಂದ ತೆಗೆದುಕೊಂಡರು. ದವಾಖಾನೆಯ ದಾಯಿ ರೋಗಿಯ ಎರಡೂ ತೊಡೆಯ ಚರ್ಮದ ಕೆಳಗೆ ಸೂಜಿಯಿಂದ ಉಪ್ಪುನೀರು ಬಿಡುತ್ತಿದ್ದಳು. ಈಥರಿನವರು ನಿಮಿಷಕ್ಕೊಮ್ಮೆ ನಾಡಿಯ ಅಂಕಿ ಹೇಳುತ್ತಿದ್ದರು.

ನೂರಾ ಮೂವತ್ತು. ಹತ್ತನೆಯ ಗಡ್ಡೆ. ನೂರಾ ಮೂವತ್ತೆರಡು. ಹನ್ನೊಂದು, ಹನ್ನೆರಡು ಒಟ್ಟಿಗೆ ಬಂದವು, ಬೆಟ್ಟದ ನೆಲ್ಲಿಯಷ್ಟು. ನೂರಾ ಮೂವತ್ತಾರು. ಹದಿಮೂರನೆಯದು ಹಿಂದಿನ ಗೋಡೆಯಲ್ಲಿ ಆಳದಲ್ಲಿತ್ತು, ಅದಕ್ಕೇ ಆರು ನಿಮಿಷ ಹಿಡಿಯಿತು. ನನ್ನ ಕೈ ಜೋಮು ಹಿಡಿದಿತ್ತು. ಒತ್ತುತ್ತಿದ್ದೇನೋ ಇಲ್ಲವೋ ಎಂಬುದನ್ನು ಗೀರು ನೋಡಿಯೇ ತಿಳಿಯಬೇಕಾಗಿತ್ತು. ನೂರಾ ಮೂವತ್ತೆಂಟು. ಹದಿನಾಲ್ಕು. ಡಾಕ್ಟರ್‌ಬಾಯಿ ಬೆರಳಿನಿಂದ ಎಲ್ಲ ಕಡೆ ತಡವಿ, "ಇನ್ನಿಲ್ಲ," ಎಂದು ಹೊಲಿಗೆ ಶುರು ಮಾಡಿದರು. ಮೊದಲು ಒಳಪೊರೆ, ಆಮೇಲೆ ಪೊಳ್ಳು ಉಳಿಯದಂತೆ ಪದರ ಪದರವಾಗಿ. ಎರಡನೆಯ ಪದರದ ಹೊತ್ತಿಗೆ ಅಂಕಿ ನೂರಾ ಮೂವತ್ತಾರಕ್ಕೆ ಇಳಿಯಿತು. ನಾನು ಕೈ ತೆಗೆದದ್ದು ಇಪ್ಪತ್ತೆರಡು ನಿಮಿಷದ ಮೇಲೆ. ಹೊಲಿಗೆಯ ಸಾಲಿನಲ್ಲಿ ಎರಡು ಕಡೆ ಜಿನುಗಿತು, ಅಲ್ಲಿ ಮತ್ತೊಂದೊಂದು ಹಾಕಿದರು. ಅರಿವೆಯ ತುಂಡುಗಳನ್ನು ಎರಡು ಸಲ ಎಣಿಸಿ ಸರಿಯಿದೆಯೆಂದ ಮೇಲೆ ಹೊಟ್ಟೆ ಮುಚ್ಚಿದರು. ಹತ್ತು ಗಂಟೆ ಹತ್ತು ನಿಮಿಷ.

ತೆಗೆದದ್ದನ್ನು ಮನೆಯವರಿಗೆ ತೋರಿಸುವುದು ನಮ್ಮಲ್ಲಿ ರೂಢಿ. ಬೇಸಿನ್ ಹಿಡಿದು ವರಾಂಡಕ್ಕೆ ಹೋದೆ, ಡಾಕ್ಟರ್‌ಬಾಯಿಯೂ ಬಂದರು. ಗಂಡ ಒಮ್ಮೆ ನೋಡಿ ಕಂಬದಾಚೆ ಹೋದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಬಗ್ಗಿದಳು.

"ದೊಡ್ಡದನ್ನ ಕೊಯ್ರಿ," ಎಂದಳು.

ಡಾಕ್ಟರ್‌ಬಾಯಿ ಅಲ್ಲೇ ಚೂರಿ ತರಿಸಿ ಸೀಳಿದರು. ಒಳಗೆಲ್ಲ ಬಿಳಿ, ಸುತ್ತು ಸುತ್ತಾದ ನಾರು.

"ಇದರಾಗ ಕೂಸಿಲ್ಲ."

"ಇಲ್ರಿ. ನೀವss ನೋಡಾಕತ್ತೀರಲ್ಲ."

"ನಾ ನೋಡಿದ್ನಿ. ಊರಾಗ ಏನು ಹೇಳ್ಲಿ? ಕುಬಸಾ ಮಾಡಿದ ಹೊಟ್ಟಿ, ದವಾಖಾನ್ಯಾಗ ಕೂಸ ಕೊಂದ ಬಂದ್ರು ಅಂತಾರ. ಒಂದು ನನಗ ಕೊಡ್ರಿ. ಒಯ್ದ ತೋರಸ್ತೇನಿ."

ಡಾಕ್ಟರ್‌ಬಾಯಿ ಮೊದಲು ಬೇಡವೆಂದರು. ಆಮೇಲೆ ಲಿಂಬೆಹಣ್ಣಿನಷ್ಟಿದ್ದ ಒಂದನ್ನು ಅರ್ಧಕ್ಕೆ ಸೀಳಿ, ಫಾರ್ಮಲಿನ್ ಹಾಕಿದ ಅಗಲ ಬಾಯಿಯ ಬಾಟಲಿಯಲ್ಲಿ ಇಟ್ಟು, ಬೂಚಿಗೆ ಅರಗು ಹಾಕಿಸಿ ಕೊಟ್ಟರು. ಎಂಟು ದಿನದ ಮೇಲೆ ಅವಳು ಬಾಟಲಿಯನ್ನು ಬೂದಿ ಹಾಕಿ ತಿಕ್ಕಿ ತೊಳೆದು ಮರಳಿ ತಂದಳು. ಗಡ್ಡೆ ಎಲ್ಲಿ ಎಂದು ಕೇಳಿದ್ದಕ್ಕೆ, "ಎಲ್ಲಾರೂ ನೋಡಿ ಆತ್ರಿ, ಹುಗದ ಬಂದ್ನಿ," ಎಂದಳು.

ನಾಲ್ಕನೆಯ ದಿನ ಜ್ವರ ನೂರಾ ಮೂರಕ್ಕೆ ಏರಿತು, ಹೊಟ್ಟೆ ಉಬ್ಬಿತು. ನಾವು ಹೆದರಿದ್ದು ಇದಕ್ಕೇ. ಕೀವಿಗೆಂದು ಹೊಸದಾಗಿ ಬಂದಿದ್ದ ಕೆಂಪು ಮಾತ್ರೆಯ ಒಂದು ನಳಿಗೆ ನಮ್ಮಲ್ಲಿತ್ತು, ಯಾರ ಮೇಲೂ ಉಪಯೋಗಿಸಿರಲಿಲ್ಲ. ಅದನ್ನು ಕೊಟ್ಟೆವು. ಮರುದಿನ ಅವಳ ಮೂತ್ರ ಕೆಂಪಾಯಿತು. ಬೆಡ್‌ಪ್ಯಾನ್ ನೋಡಿದ ಅತ್ತೆ ವರಾಂಡದ ನೆಲದ ಮೇಲೆ ಕುಳಿತುಬಿಟ್ಟಳು. ಅದು ರಕ್ತವಲ್ಲ, ಮಾತ್ರೆಯ ಬಣ್ಣ ಎಂದು ಹೇಳಿ, ಒಂದು ಚೂರನ್ನು ನೀರಿನಲ್ಲಿ ಕರಗಿಸಿ ತೋರಿಸಬೇಕಾಯಿತು. ಎಂಟನೆಯ ದಿನ ಜ್ವರ ಇಳಿಯಿತು. ಮಾತ್ರೆಯಿಂದ ಇಳಿಯಿತೋ ತಾನಾಗಿ ಇಳಿಯಿತೋ ಎಂದು ಡಾಕ್ಟರ್‌ಬಾಯಿ ಕೊನೆಗೂ ಖಚಿತವಾಗಿ ಹೇಳಲಿಲ್ಲ.

ಯುಗಾದಿಗೆ ಎರಡು ದಿನ ಮೊದಲು ಮನೆಗೆ ಕಳಿಸಿದೆವು. ಒಂದು ವರ್ಷ ಬಸಿರಾಗಬಾರದು, ಬಸಿರಾದರೆ ಹೆರಿಗೆ ದವಾಖಾನೆಯಲ್ಲೇ ಆಗಬೇಕು ಎಂದು ಮೂವರನ್ನೂ ಕೂಡಿಸಿ ಹೇಳಲಾಯಿತು. ಅತ್ತೆ, "ಎರಡು ವರ್ಷದಾಗ ಒಂದು ನೀವss ತಗೊಂಡ್ರಿ," ಎಂದಳು. ಆದರೂ ಒಪ್ಪಿದಳು.

1939ರ ಮಾರ್ಚಿನಲ್ಲಿ ಸೊಸೆ ತೋರಿಸಿಕೊಳ್ಳಲು ಬಂದಿದ್ದಳು. ಮುಟ್ಟು ತಿಂಗಳಿಗೆ ಸರಿಯಾಗಿ ನಾಲ್ಕು ದಿನ. ರಕ್ತ ಎಂಬತ್ತು. ಬಲಗಡೆಯ ಅಂಕಣದಲ್ಲಿ "ರೋಗಿ ಸ್ವತಃ" ಎಂದಿದೆ.

1940ರ ಯುಗಾದಿಗೆ ಎರಡು ವರ್ಷದ ಗಡುವು ಮುಗಿಯಿತು. ಆ ಜೂನಿನಲ್ಲಿ ಮೂರು ತಿಂಗಳ ಬಸುರಿಯಾಗಿ ಬಂದಳು. ಹೊಟ್ಟೆನೋವು, ರಕ್ತ ಕಾಣಿಸಿಕೊಂಡಿತ್ತು. ಎರಡನೆಯ ದಿನ ಗರ್ಭ ಇಳಿಯಿತು. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತೆ ಮಂಚದ ಕಾಲಿನ ಹತ್ತಿರ ಕೂತು ಸೊಸೆಯ ಪಾದ ತಿಕ್ಕುತ್ತಿದ್ದಳು.

"ಕೆಲಗೇರಿಯವರು ಏನಂತಾರ್ರಿ?" ಎಂದು ನಾನು ಗಂಡನನ್ನು ಹೊರಗೆ ಕೇಳಿದೆ.

"ಆ ಹುಡಿಗೀನ ವೈಶಾಖದಾಗ ಗದಗಿನ ಕಡೆ ಕೊಟ್ರು ಅಕ್ಕಾರ. ಅವರಿಗೆ ಇನ್ನೊಂದು ವರ್ಷ ನಿಂದ್ರ್ರಿ ಅಂತ ನಮ್ಮವ್ವss ಹೇಳಿ ಕಳಿಸಿದ್ಲು. ಅವರು ನಿಂದ್ರಲಿಲ್ಲ."

ಒಳಗಿನಿಂದ ಅತ್ತೆಯ ದನಿ ಕೇಳಿಸಿತು. ಸೊಸೆಗೆ ಹೇಳುತ್ತಿದ್ದಳು: "ನಿಂತಿತ್ತಲ್ಲಾ. ನಿಲ್ತೈತಿ ಅನ್ನೂದು ಗೊತ್ತಾತು. ಏಳು, ಎರಡು ಗುಟುಕು ಚಹಾ ಕುಡಿ."

1942ರ ಜನವರಿಯಲ್ಲಿ ನಾನು ಧಾರವಾಡದ ಕೆಲಸಕ್ಕೆ ಬಂದೆ. ಆ ವರ್ಷದ ನವೆಂಬರ್ ಕೊನೆಗೆ ಡಾಕ್ಟರ್‌ಬಾಯಿಯವರ ಕಾರ್ಡು ಬಂತು. ಬೈರಿದೇವರಕೊಪ್ಪದವಳಿಗೆ ಎಂಟೂವರೆ ತಿಂಗಳಿಗೆ, ನೋವು ಶುರುವಾಗುವ ಮೊದಲೇ, ಹೊಟ್ಟೆ ತೆರೆದು ಕೂಸನ್ನು ತೆಗೆದರು. ಹೆಣ್ಣು, ಐದೂವರೆ ಪೌಂಡು, ಕೂಡಲೇ ಅತ್ತಿತು. ಮಾಸು ಹಳೆಯ ಹೊಲಿಗೆಯ ಜಾಗಕ್ಕೆ ಅಂಟಿಕೊಂಡಿತ್ತು, ಬಿಡಲಿಲ್ಲ. ರಕ್ತ ನಿಲ್ಲಲಿಲ್ಲ. ಗರ್ಭಕೋಶ ತೆಗೆಯಬೇಕಾಯಿತು. ಹದಿನೇಳನೆಯ ದಿನ ತಾಯಿ, ಮಗು ಊರಿಗೆ ಹೋದರು.